ಗೇಟಿನ ಹತ್ತಿರ ಸಿಕ್ತೇನೆ ಅನ್ನಬೇಡಿ

ಮಂಗಳೂರಿನಲ್ಲಿ ದೊಡ್ಡ ಕಾರ್ಯಕ್ರಮ ಇದ್ದ ದಿನ ನಾನು ಗೇಟಿನಲ್ಲಿರುತ್ತೇನೆ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಬ್ಯಾರಿಕೇಡ್ ಎಲ್ಲಿ ಇಡಬೇಕು, ಯಾವ ಗೇಟಿಗೆ ಎಷ್ಟು ಸ್ವಯಂಸೇವಕರು, ಮುಗಿದ ಮೇಲೆ ಜನ ಯಾವ ಕಡೆಯಿಂದ ಹೊರಗೆ ಹೋಗಬೇಕು, ಇದನ್ನೆಲ್ಲ ನೋಡಿಕೊಳ್ಳುವವನು ನಾನು. ನೆಹರೂ ಮೈದಾನದಲ್ಲಿ ರಸಮಂಜರಿ, ಮಂಗಳಾ ಕ್ರೀಡಾಂಗಣದಲ್ಲಿ ಕ್ರೀಡಾಕೂಟ, ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣದಲ್ಲಿ ಬ್ಯಾಡ್ಮಿಂಟನ್. ಜಾಗ ಬೇರೆ, ಜನ ಬೇರೆ. ಒಂದು ಮಾತು ಮಾತ್ರ ಎಲ್ಲ ಕಡೆ ಕೇಳುತ್ತೇನೆ. ಒಂದು ಕಿವಿಗೆ ಫೋನ್ ಒತ್ತಿಕೊಂಡು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು, ಸರಿಯಾಗಿ ಗೇಟಿನ ನಡುವೆಯೇ ನಿಂತು ಹೇಳುವ ಮಾತು: "ನಾನು ಗೇಟಿನ ಹತ್ತಿರ ಇದ್ದೇನೆ. ನೀನು ಎಲ್ಲಿದ್ದಿ?"

ಟಿಕೆಟ್ ಮರೆಯಬೇಡಿ, ನೀರು ಕುಡಿಯಿರಿ ಅಂತೆಲ್ಲ ನಾನು ಹೇಳುವುದಿಲ್ಲ, ಅದು ನಿಮಗೆ ಗೊತ್ತು. ನನಗೆ ಈ ಗೇಟಿನ ವಿಷಯ ಮಾತ್ರ ಹೇಳಬೇಕು.

ಮೊದಲನೆಯದಾಗಿ, ಯಾವ ಗೇಟು? ನೆಹರೂ ಮೈದಾನವನ್ನೇ ತೆಗೆದುಕೊಳ್ಳಿ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಂದವರಿಗೆ ಆ ಕಡೆಯದೇ ಮೈನ್ ಗೇಟ್. ಹಂಪನಕಟ್ಟೆಯಿಂದ ನಡೆದು ಬಂದವರಿಗೆ ಪುರಭವನದ ಕಡೆಯದು ಮೈನ್ ಗೇಟ್. ತಾನು ಒಳಗೆ ಬಂದ ಗೇಟೇ ಮೈನ್ ಗೇಟ್ ಅಂತ ಪ್ರತಿಯೊಬ್ಬರೂ ತಿಳಿದುಕೊಂಡಿರುತ್ತಾರೆ. ನಾವು ಗೇಟಿಗೆ ದೊಡ್ಡ ಅಕ್ಷರದಲ್ಲಿ ನಂಬರ್ ಅಂಟಿಸುತ್ತೇವೆ. ಒಳಗೆ ಬರುವ ಅವಸರದಲ್ಲಿ ತಲೆ ಎತ್ತಿ ಅದನ್ನು ನೋಡುವವರು ಬಹಳ ಕಡಿಮೆ.

ಎರಡನೆಯದು ಫೋನು. "ಒಳಗೆ ಹೋದ ಮೇಲೆ ಫೋನ್ ಮಾಡಿದ್ರಾಯ್ತು" ಎನ್ನುವ ಧೈರ್ಯ ಎಲ್ಲರಿಗೂ ಉಂಟು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೇಳಿದಷ್ಟೂ ಜನ ನಂಬುವುದಿಲ್ಲ. ಫೋನಿನಲ್ಲಿ ಕಾಣುವ ಸಿಗ್ನಲ್ ಕಡ್ಡಿ ತೋರಿಸುವುದು ಟವರ್ ನಿಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎನ್ನುವುದನ್ನು. ಆ ಟವರಿನಲ್ಲಿ ನಿಮಗೆ ಜಾಗ ಉಂಟಾ ಇಲ್ವಾ ಅಂತ ಅದು ಹೇಳುವುದಿಲ್ಲ. ಸಂಜೆ ಆರು ಗಂಟೆಗೆ ಸುರತ್ಕಲ್ ಬಸ್ಸು ಎದುರಿಗೇ ಬಂದು ನಿಂತಿದೆ, ಬೋರ್ಡ್ ಸ್ಪಷ್ಟ ಕಾಣುತ್ತದೆ, ಆದರೆ ಫುಟ್‌ಬೋರ್ಡಿನಲ್ಲೂ ಕಾಲಿಡಲು ಜಾಗ ಇಲ್ಲ. ಹಾಗೆಯೇ ಇದು. ದಿನಾ ಆ ಜಾಗದಲ್ಲಿ ಇರುವಷ್ಟು ಜನರಿಗೆ ಲೆಕ್ಕ ಹಾಕಿ ಇಟ್ಟ ಟವರಿಗೆ ಒಂದೇ ಸಂಜೆ ಸಾವಿರಾರು ಫೋನು ಬಂದು ಬೀಳುತ್ತದೆ. ಅದರಲ್ಲೂ ಅರ್ಧ ಜನ ವಿಡಿಯೋ ಕಳಿಸುತ್ತಿರುತ್ತಾರೆ. ಕಡ್ಡಿ ನಾಲ್ಕೂ ತುಂಬಿರುತ್ತದೆ, ಕಾಲ್ ಹೋಗುವುದಿಲ್ಲ. ಎಸ್ಸೆಮ್ಮೆಸ್ ಕೆಲವೊಮ್ಮೆ ಹೋಗುತ್ತದೆ, ತಡವಾಗಿಯಾದರೂ. ಆದರೆ ಮಗು ಕಾಣದಿದ್ದಾಗ ತಡವಾಗಿ ಬರುವ ಮೆಸೇಜನ್ನು ನೆಚ್ಚಿಕೊಳ್ಳಲು ಆಗುತ್ತದಾ?

ಟಿಕೆಟ್ಟಿನದೂ ಇದೇ ಕಥೆ. ಗೇಟಿಗೆ ಬಂದ ಮೇಲೆ ಆ್ಯಪ್ ತೆರೆಯುತ್ತಾರೆ. ಚಕ್ರ ತಿರುಗುತ್ತಾ ಇರುತ್ತದೆ, ಹಿಂದೆ ನೂರು ಜನ. ಮನೆಯಲ್ಲೇ ತೆರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲವು ಆ್ಯಪ್‌ಗಳ ಕೋಡ್ ಬದಲಾಗುತ್ತಾ ಇರುತ್ತದೆ, ಅದಕ್ಕೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಟಿಕೆಟ್ಟಿನ ಕೆಳಗೆ ಬರೆದದ್ದನ್ನು ಒಮ್ಮೆ ಓದಿಬಿಡಿ.

ಈಗ ನನ್ನ ಹೊಟ್ಟೆ ಉರಿಯುವ ವಿಷಯ. ಒಬ್ಬರ ಟಿಕೆಟ್ ನೋಡಿ ಬ್ಯಾಗ್ ತಡವಿ ಒಳಗೆ ಬಿಡಲು 6 ಸೆಕೆಂಡು ಅಂತ ಹಿಡಿಯಿರಿ. ಒಂದು ಸಾಲಿನಲ್ಲಿ ನಿಮಿಷಕ್ಕೆ 10 ಜನ, ಗಂಟೆಗೆ 600. ಐದು ಸಾಲು ಇದ್ದರೆ 3,000. ಇದು ಯಾರೂ ನಿಲ್ಲದೆ ನಡೆದರೆ ಮಾತ್ರ. ಒಬ್ಬರು ಒಳಗೆ ಕಾಲಿಟ್ಟ ಕೂಡಲೇ ಹಿಂದೆ ತಿರುಗಿ, "ಅವ್ರು ಬರ್ಲಿ" ಅಂತ ನಿಲ್ಲುತ್ತಾರೆ. ಅವರ ಹಿಂದಿನವರು ಪಕ್ಕಕ್ಕೆ ಸರಿದು ಹೋಗಬೇಕು. ಅಷ್ಟರಲ್ಲಿ ಇನ್ನೊಂದು ಕುಟುಂಬವೂ ಅಲ್ಲೇ ನಿಲ್ಲುತ್ತದೆ. ಐದು ಸಾಲಿನ ಬಾಯಲ್ಲಿ ಹದಿನೈದು ಜನ ನಿಂತರೂ ಸಾಕು, ಹೊರಗಿನ ಕ್ಯೂ ರಸ್ತೆಗೆ ಬಂದಿರುತ್ತದೆ. ಹೊರಗಿನವರಿಗೆ ಒಳಗೆ ಏನಾಗಿದೆ ಅಂತ ಕಾಣುವುದಿಲ್ಲ. ಮೈಕಿನ ಸದ್ದು ಮಾತ್ರ ಕೇಳುತ್ತದೆ. ಶುರುವಾಯ್ತು ಅಂತ ತಳ್ಳುತ್ತಾರೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಅದರ ಕಾರಣ ಹಲವು, ತಪ್ಪು ಯಾರದು ಅಂತ ಹೇಳುವವನು ನಾನಲ್ಲ. ಗೇಟಿನಲ್ಲಿ ಫೋನ್ ಹಿಡಿದು ನಿಂತವರಿಂದ ಆಯಿತು ಅಂತಲೂ ಹೇಳುತ್ತಿಲ್ಲ. ಆದರೆ ಗೇಟಿನ ಹೊರಗೆ ಜನ ಒತ್ತಿದರೆ ಏನಾಗುತ್ತದೆ ಎನ್ನುವುದು ನನ್ನ ಕೆಲಸದ ಭಾಗ. ಕ್ಯಾರಂ ಬೋರ್ಡಿಗಿಂತ ಸ್ವಲ್ಪ ದೊಡ್ಡ ಜಾಗ, ಅಂದರೆ ಒಂದು ಚದರ ಮೀಟರ್. ಅದರಲ್ಲಿ 2 ಜನ ಇದ್ದರೆ ಆರಾಮ. 4 ಆದರೆ ಮೈಗೆ ಮೈ ತಾಗುತ್ತದೆ. 5, 6 ದಾಟಿದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ಹೋದಲ್ಲಿಗೆ ನಾವೂ ಹೋಗುತ್ತೇವೆ. ಜನ ಸಾಯುವುದು ಕಾಲ್ತುಳಿತಕ್ಕೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹೆಚ್ಚಿನವರು ಹೋಗುವುದು ಉಸಿರುಕಟ್ಟಿ, ಎಷ್ಟೋ ಸಲ ನಿಂತಲ್ಲೇ. ಎದೆ ಹಿಗ್ಗಲು ಜಾಗ ಇರುವುದಿಲ್ಲ. ಅದಕ್ಕೇ ಹೇಳುವುದು, ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿಯಿರಿ. ಎದುರು ತಳ್ಳಬೇಡಿ. ಸ್ವಲ್ಪ ಸ್ವಲ್ಪವೇ ಓರೆಯಾಗಿ ಬದಿಗೆ ಸರಿಯಿರಿ. ಬಿದ್ದದ್ದನ್ನು ಹೆಕ್ಕಲು ಬಗ್ಗಬೇಡಿ, ಅದು ಫೋನೇ ಆಗಲಿ.

ಕೆಲವು ವರ್ಷದ ಹಿಂದೆ ನೆಹರೂ ಮೈದಾನದಲ್ಲಿ ಒಂದು ರಾತ್ರಿ ಕಾರ್ಯಕ್ರಮ ಮುಗಿಯಿತು. ಜನ ಹೊರಗೆ ಬರುತ್ತಿದ್ದಾರೆ. ಗೇಟಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಒಬ್ಬರು ಅಜ್ಜಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಬಾರು ಕಿತ್ತ ಚಪ್ಪಲಿ. ಮುಡಿದ ಮಲ್ಲಿಗೆ ಅರ್ಧ ಉದುರಿ ರವಿಕೆಯ ಬೆನ್ನಿಗೆ ಅಂಟಿತ್ತು. "ಅಮ್ಮಾ, ಈಚೆ ಬನ್ನಿ" ಅಂತ ಕರೆದೆ. ಬರಲಿಲ್ಲ. "ಎನ್ನ ಮಗೆ ಬರ್ಪೆ" ಅಂದರು. ಮಗ ಬರ್ತಾನೆ, ಗೇಟಿನ ಹತ್ತಿರವೇ ನಿಲ್ಲು ಅಂತ ಹೇಳಿದ್ದಾನೆ. ಮಗನ ನಂಬರ್ ಮುಂಗೈಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು ಉಂಟು. ನಮ್ಮ ಊರಿನ ಸೆಕೆ ನಿಮಗೆ ಗೊತ್ತಲ್ವಾ, ಬೆವರಿಗೆ ಕೊನೆಯ ನಾಲ್ಕು ಅಂಕೆ ನೀಲಿ ಕಲೆಯಾಗಿತ್ತು. ಅಷ್ಟು ಜನ ತಳ್ಳುತ್ತಿದ್ದರೂ ಅವರು ಕಂಬ ಬಿಡಲಿಲ್ಲ, ಮಗ ಹೇಳಿದ ಮಾತು ಮೀರಬಾರದು ಅಂತ. ಕೊನೆಗೆ ನಾನೂ ಒಬ್ಬ ಹುಡುಗನೂ ಅವರ ಎರಡು ಬದಿಗೆ ನಿಂತು, ಜನ ಕರಗುವವರೆಗೆ ಕೈ ಅಡ್ಡ ಹಿಡಿದೆವು. ಮಗ ಸಿಕ್ಕಿದ್ದು ಮುಕ್ಕಾಲು ಗಂಟೆಯ ನಂತರ. ಆಚೆ ಬದಿಯ ಗೇಟಿನಲ್ಲಿ ಅವರೂ ಕಾಯುತ್ತಲೇ ಇದ್ದರು, ಅಳುವುದೊಂದು ಬಾಕಿ.

ಇಬ್ಬರೂ ಹೇಳಿದಂತೆಯೇ ನಡೆದುಕೊಂಡಿದ್ದರು. ಜಾಗ ಆರಿಸಿದ್ದು ಮಾತ್ರ ಸರಿ ಇರಲಿಲ್ಲ.

ಹಾಗಾಗಿ ಒಳಗೆ ಕಾಲಿಡುವ ಮೊದಲು, ಫೋನ್ ನಡೆಯುವಾಗಲೇ, ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಗೇಟಿನಿಂದ ಒಂದೆರಡು ನಿಮಿಷದ ನಡಿಗೆಯಷ್ಟು ದೂರ ಇರಬೇಕು. ರಾತ್ರಿ ಬೆಳಕು ಬೇಕು. ಬಾಯಲ್ಲಿ ಹೇಳಿದರೆ ಒಂದೇ ಅರ್ಥ ಬರಬೇಕು. ನೆಹರೂ ಮೈದಾನಕ್ಕಾದರೆ ಹಂಪನಕಟ್ಟೆಯ ಕ್ಲಾಕ್ ಟವರ್ ಆದೀತು. ಮಂಗಳಾ ಕ್ರೀಡಾಂಗಣಕ್ಕೆ ಲಾಲ್‌ಬಾಗಿನ ಪಾಲಿಕೆ ಕಚೇರಿಯ ಎದುರು ಅನ್ನಬಹುದು, ಸ್ವಲ್ಪ ನಡೆಯಬೇಕು ಅಷ್ಟೆ. "ಐಸ್‌ಕ್ರೀಮ್ ಗಾಡಿಯ ಹತ್ತಿರ" ಬೇಡ, ಮುಗಿಯುವ ಹೊತ್ತಿಗೆ ಗಾಡಿ ಅಲ್ಲಿರುವುದಿಲ್ಲ. ಸಣ್ಣ ಮಕ್ಕಳಿಗೆ ಮಾತ್ರ ಬೇರೆ ಲೆಕ್ಕ. ಅವರು ಒಬ್ಬರೇ ಹೊರಗೆ ಬರಬಾರದು, ಪೊಲೀಸರನ್ನೋ ಬ್ಯಾಡ್ಜ್ ಹಾಕಿದ ಸ್ವಯಂಸೇವಕರನ್ನೋ ಹಿಡಿಯಬೇಕು. ನಂಬರನ್ನು ಕೈ ಮೇಲೆ ಬರೆಯಬೇಡಿ. ಕಾಗದದಲ್ಲಿ ಬರೆದು, ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗೆ ಹಾಕಿ. ಎರಡು ನಂಬರ್ ಬರೆಯಿರಿ, ಒಂದು ಮನೆಯಲ್ಲಿ ಉಳಿದವರದ್ದು. ಮೈದಾನದಲ್ಲಿ ಇರುವವರ ಫೋನ್ ಹತ್ತದಿದ್ದರೂ ಮನೆಯವರದ್ದು ಹತ್ತುವ ಸಾಧ್ಯತೆ ಜಾಸ್ತಿ.

ಮುಗಿದ ಕೂಡಲೇ ಏಳಬೇಡಿ. ಒಂದು ಕಾಲು ಗಂಟೆ ಸುಮ್ನೆ ಕೂತಿರಿ. ಬಸ್ಸಿನ ಅವಸರ ನನಗೂ ಅರ್ಥ ಆಗುತ್ತದೆ, ರಾತ್ರಿ ಹತ್ತರ ಮೇಲೆ ಸಿಟಿ ಬಸ್ಸು ನಂಬುವ ಹಾಗಿಲ್ಲ. ದೂರದವರಾದರೆ ರಿಕ್ಷಾ ಮೊದಲೇ ಮಾತಾಡಿಟ್ಟುಕೊಳ್ಳಿ. ಆದರೆ ಆ ರಿಕ್ಷಾದವರಿಗೂ "ಗೇಟಿಗೆ ಬನ್ನಿ" ಅನ್ನಬೇಡಿ ಮಾರಾಯ್ರೆ. ಹತ್ತು ರಿಕ್ಷಾ ಗೇಟಿನ ಎದುರು ನಿಂತರೆ ಹೊರಗೆ ಬರುವವರಿಗೆ ಕಾಲಿಡಲು ಜಾಗ ಇಲ್ಲ, ಆಂಬುಲೆನ್ಸ್ ಬಂದರೆ ಅದಕ್ಕೂ ಇಲ್ಲ. ಕ್ಲಾಕ್ ಟವರ್ ದಾಟಿ ಸ್ವಲ್ಪ ಮುಂದೆ ನಿಲ್ಲಿಸಲು ಹೇಳಿ. ಅಲ್ಲಿವರೆಗೆ ನಡೆಯಲು ಐದು ನಿಮಿಷ ಬೇಕಾಗಬಹುದು, ಅಜ್ಜಿಯಂದಿರು ಜೊತೆಗಿದ್ದರೆ ಹತ್ತು.