ಹುಬ್ಬಳ್ಳಿಯಲ್ಲಿ ಆಣೆಕಲ್ಲು, ಧಾರವಾಡದಲ್ಲಿ ಬಿಸಿಲು: ಮುನ್ಸೂಚನೆ ತಪ್ಪಿತಾ?

ಪ್ರಶ್ನೆ: ಧಾರವಾಡ ಜಿಲ್ಲೆಗೆ ಗುಡುಗು ಮಳೆ ಅಂತ ಬೆಳಗ್ಗೆ ಮೊಬೈಲಿಗೆ ಸಂದೇಶ ಬಂತು. ಸಂಜೆ ಹುಬ್ಬಳ್ಳಿಯಲ್ಲಿ ಆಣೆಕಲ್ಲು ಬಿತ್ತು. ಧಾರವಾಡದಲ್ಲಿ ಒಂದು ಹನಿಯೂ ಇಲ್ಲ. ಯಾವ ಊರಿಗೆ ಅಂತ ಮೊದಲೇ ಹೇಳಲು ಆಗಲ್ವಾ?

ಉತ್ತರ: ಬೆಳಗ್ಗೆಯೇ ಹೇಳಲು ಆಗುವುದಿಲ್ಲ. ಗುಡುಗಿನ ಒಂಟಿ ಮೋಡದ ಅಗಲ ಸುಮಾರು 10 ಕಿ.ಮೀ., ಆಯಸ್ಸು ಹೆಚ್ಚೆಂದರೆ ಒಂದು ತಾಸು. ಹುಬ್ಬಳ್ಳಿ, ಧಾರವಾಡದ ನಡುವೆಯೇ 20 ಕಿ.ಮೀ. ಇದೆ. ಜಿಲ್ಲೆಯ ಮೇಲಿನ ಗಾಳಿ ಗುಡುಗಿಗೆ ಸಜ್ಜಾಗಿದೆ ಅನ್ನುವಷ್ಟನ್ನೇ ಬೆಳಗಿನ ಸಂದೇಶ ಹೇಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಬಿಸಿಲಿಗೇನೂ ಬರವಿಲ್ಲ. ಆದರೆ ಒಣ ಬಿಸಿಲು ಎಷ್ಟಿದ್ದರೂ ಸುಮ್ನೆ ಧೂಳು ಏಳುತ್ತದೆ, ಅಷ್ಟೇ. ತೇವ ಬೇಕು. ಅದು ಹೆಚ್ಚಾಗಿ ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುತ್ತದೆ. ಕೆಳಗೆ ಬಿಸಿ, ತೇವದ ಗಾಳಿ, ಮೇಲೆ ತಣ್ಣನೆಯ ಗಾಳಿ ಇದ್ದರೆ ಕೆಳಗಿನದು ಏರಲು ತವಕಿಸುತ್ತದೆ. ಆ ಶಕ್ತಿಯ ಅಳತೆಗೆ 'ಕೇಪ್' ಎನ್ನುತ್ತಾರೆ. ಒಂದು ಕಿಲೋ ಗಾಳಿಗೆ 1000 ಜೂಲ್ ದಾಟಿದರೆ ಗಮನಿಸಬೇಕು, 2500 ದಾಟಿದರೆ ಅಬ್ಬರಕ್ಕೆ ಬೇಕಾದಷ್ಟಿದೆ. ಗೋವಾ, ಬೆಂಗಳೂರಿನಂಥ ಕಡೆಯಿಂದ ಬೆಳಗ್ಗೆ ಹಾರಿಬಿಡುವ ಬಲೂನುಗಳು ಮೇಲಿನ ಗಾಳಿಯ ಬಿಸಿ, ತೇವ ಅಳೆದು ಕಳಿಸುತ್ತವೆ. ನಡುವಿನ ಊರುಗಳದ್ದು ಕಂಪ್ಯೂಟರ್ ಲೆಕ್ಕ.

ಈಗೀಗ ಆ್ಯಪ್‌ನಲ್ಲಿ ಕೇಪ್ ನೋಡಿ "3000 ಇದೆ, ಇವತ್ತು ಗ್ಯಾರಂಟಿ" ಅನ್ನುವವರು ಜಾಸ್ತಿ. ಎಡವುವುದು ಅಲ್ಲೇ. ಎಷ್ಟೋ ದಿನ ಕೆಳಗಿನ ತೇವದ ಗಾಳಿಗೂ ಮೇಲಿನ ತಣ್ಣನೆಯ ಗಾಳಿಗೂ ನಡುವೆ ಒಣ ಬಿಸಿಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಅದು ಸರಿಯದಿದ್ದರೆ ದಿನವಿಡೀ ಸೆಕೆ ಮಾತ್ರ. ಮಧ್ಯಾಹ್ನದ ಕಾವು ಅದನ್ನು ಒಡೆಯಬಹುದು. ವಿದರ್ಭದಿಂದ ನಮ್ಮ ಒಳನಾಡಿನವರೆಗೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೂ ಒಡೆಯಬಹುದು. ಇನ್ನು ಲಕ್ಷ್ಮೇಶ್ವರದಲ್ಲಿ ಸುರಿದ ಮಳೆಯ ತಂಪುಗಾಳಿ ನೆಲಕ್ಕೆ ಬಡಿದು, ಹರಡಿ, ಶಿರಹಟ್ಟಿಯಲ್ಲಿ ಹೊಸ ಮೋಡ ಎಬ್ಬಿಸಿದರೆ? ಅದನ್ನು ಬೆಳಗ್ಗೆ ಯಾರು ಹೇಳಬಲ್ಲರು!

ಹಾಗಾಗಿ ಬೆಳಗಿನ ಹಳದಿ, ಕಿತ್ತಳೆ ಎಚ್ಚರಿಕೆ ನೋಡಿ ಸಂಜೆಯ ಕೆಲಸ ಹೊಂದಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಹವಾಮಾನ ಇಲಾಖೆಯ 3 ತಾಸಿನ ಮುನ್ಸೂಚನೆ ನೋಡಿ. ಅದು ಆಗಲೇ ಎದ್ದ ಮೋಡಗಳನ್ನು ರಾಡಾರ್, ಉಪಗ್ರಹದಲ್ಲಿ ಕಂಡು ಹೇಳುವಂಥದ್ದು. ನನಗೆ ನಂಬಿಕೆ ಅದರ ಮೇಲೆಯೇ. ಹೊಲದಲ್ಲಿದ್ದರೆ 'ದಾಮಿನಿ' ಆ್ಯಪ್ ಸುತ್ತಮುತ್ತಲಿನ ಸಿಡಿಲು ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಎಣಿಸಿ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ. ಮರದ ಕೆಳಗೆ ನಿಲ್ಲದೆ ಪಕ್ಕಾ ಮನೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬೇಡಿ.