ಪದ ಪರಿಚಯ: ಟ್ರ್ಯಾಕಿಂಗ್ ಫೋರ್ಸ್

ರೆಕಾರ್ಡ್ ಪ್ಲೇಯರಿನ ಮುಳ್ಳು ಪ್ಲೇಟಿನ ಗೀರಿನ ಮೇಲೆ ಎಷ್ಟು ಭಾರ ಹಾಕುತ್ತದೋ ಅದೇ ಟ್ರ್ಯಾಕಿಂಗ್ ಫೋರ್ಸ್. ಅಳತೆ ಗ್ರಾಂನಲ್ಲಿ. ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿಗೆ ಕಾರ್ಟ್ರಿಜ್ ಎನ್ನುತ್ತಾರೆ. ಇವತ್ತು ಸಿಗುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ (ಒಳಗೆ ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಜ್‌ಗಳಿಗೆ ಈ ಭಾರ ಹೆಚ್ಚುಕಮ್ಮಿ ಒಂದೂವರೆಯಿಂದ ಎರಡೂವರೆ ಗ್ರಾಂ. ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ ಇಡಿ ಎಂದು ತಯಾರಿಸಿದವರೇ ಹೇಳಿದ್ದಾರೆ. ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ಉದ್ದನೆಯ ಕೈ) ಹೊಂದಿಸುವ ಕೆಲಸದಲ್ಲಿ ಉಳಿದ ಪದಗಳೆಲ್ಲ, ಅಂದರೆ ಆಂಟಿ-ಸ್ಕೇಟಿಂಗ್, ಓವರ್‌ಹ್ಯಾಂಗ್ ಇತ್ಯಾದಿ, ಇದರ ಸುತ್ತಲೇ ತಿರುಗುತ್ತವೆ.

ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದ್ದ ಪ್ಲೇಯರ್‌ಗಳು ಈಗ ಕೆಳಗಿಳಿಯುತ್ತಿವೆ. ಅವುಗಳ ಜೊತೆಗೇ ಒಂದು ನಂಬಿಕೆಯೂ ಇಳಿದು ಬರುತ್ತದೆ: ‘ತೂಕ ಆದಷ್ಟು ಕಮ್ಮಿ ಇಟ್ಕೊಳ್ಳಿ ಸಾರ್, ಪ್ಲೇಟ್ ಸವೆಯಲ್ಲ, ಬಾಳಿಕೆ ಬರುತ್ತೆ.’ ಕೇಳಲು ಸರಿ ಅನ್ನಿಸುತ್ತದೆ. ಆದರೆ ತಯಾರಕರು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಹೋದರೆ ಪ್ಲೇಟು ಉಳಿಯುವುದಿಲ್ಲ, ಹಾಳಾಗುತ್ತದೆ.

ಯಾಕೆ ಅಂದರೆ, ಸ್ಟೀರಿಯೋ ಪ್ಲೇಟಿನ ಗೀರು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ್ದು. ಎರಡು ಗೋಡೆ, ಅವುಗಳ ನಡುವೆ 90 ಡಿಗ್ರಿ. ಒಳಗೋಡೆಯಲ್ಲಿ ಎಡ ಸ್ಪೀಕರಿನ ಸದ್ದು, ಹೊರಗೋಡೆಯಲ್ಲಿ ಬಲದ್ದು. ಮುಳ್ಳು ಎರಡೂ ಗೋಡೆಗೆ ಸದಾ ತಾಗಿಕೊಂಡೇ ಓಡಬೇಕು. ನೇಗಿಲ ಮೇಲೆ ಕೈ ಭಾರ ಬಿಡದೆ ಉಳುವವನ ಸಾಲು ತಪ್ಪುವ ಹಾಗೆಯೇ, ಭಾರ ಸಾಲದ ಮುಳ್ಳು ಗೀರು ಬಿಟ್ಟು ಜಿಗಿಯುತ್ತದೆ. ಸದ್ದು ಜೋರಾದ ಕಡೆ ಗೋಡೆ ಸರಸರನೆ ತಿರುವು ಪಡೆಯುತ್ತದೆ. ಅಲ್ಲಿ ಮುಳ್ಳು ಒಂದು ಕ್ಷಣ ಗಾಳಿಯಲ್ಲಿದ್ದು ಮತ್ತೆ ಬಂದು ಗೋಡೆಗೆ ಬಡಿಯುತ್ತದೆ. ಬಡಿಯುವುದು ವಜ್ರದ ತುದಿ, ಬಡಿಸಿಕೊಳ್ಳುವುದು ಪ್ಲಾಸ್ಟಿಕ್ಕು. ಆದ ಗಾಯ ಮತ್ತೆ ಕೂಡುವುದಿಲ್ಲ. ಆಮೇಲೆ ಎಷ್ಟು ಒಳ್ಳೆಯ ಮುಳ್ಳು ಹಾಕಿದರೂ ಅದೇ ಜಾಗದಲ್ಲಿ ಅದೇ ಕರಕರ.

ಇದನ್ನು ಕಿವಿಯಲ್ಲೇ ಹಿಡಿಯಬಹುದು. ಹಾಡಿನಲ್ಲಿ ‘ಸ’, ‘ಶ’ ಬರುವ ಕಡೆ ಗಮನ ಕೊಡಿ. ಅಕ್ಷರ ಒಡೆದು ‘ಷ್‌ಷ್’ ಎಂದು ಉಗುಳಿದಂತೆ ಕೇಳಿದರೆ, ಅದರಲ್ಲೂ ಪ್ಲೇಟಿನ ಕೊನೇ ಹಾಡಿನಲ್ಲಿ ಹೆಚ್ಚಾದರೆ, ಮೊದಲು ನೋಡಬೇಕಾದ್ದು ಭಾರವನ್ನು. ತಯಾರಕರು 1.8ರಿಂದ 2.2 ಎಂದು ಕೊಟ್ಟಿದ್ದರೆ ನಾನಂತೂ 2ಕ್ಕಿಂತ ಕೆಳಗೆ ಇಡುವುದಿಲ್ಲ.

ಇನ್ನೊಂದು ತುದಿಯ ಮದ್ದು ಹೆಡ್‌ಶೆಲ್ (ಆರ್ಮಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು. ಪ್ಲೇಟು ಹಾರಿದರೆ ನಾಣ್ಯ ಅಂಟಿಸು! ನಾಣ್ಯ ಮೂರು ಗ್ರಾಂಗೂ ಹೆಚ್ಚು ತೂಗುತ್ತದೆ, ಮುಳ್ಳಿನ ನೆತ್ತಿಯ ಮೇಲೇ ಕೂತಿರುವುದರಿಂದ ಆ ತೂಕ ಬಹುಪಾಲು ನೇರ ಗೀರಿಗೇ ಇಳಿಯುತ್ತದೆ. 2 ಗ್ರಾಂ ಇದ್ದದ್ದು 5 ದಾಟುತ್ತದೆ.

ಹಾಗಾದರೆ ತಾತನ ಕಾಲದಲ್ಲಿ ಹೇಗೆ ನಡೆಯುತ್ತಿತ್ತು ಎಂದು ಕೇಳುವವರಿದ್ದಾರೆ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ ಮುಳ್ಳಿನ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಬೀಳುತ್ತಿತ್ತು, ಉಕ್ಕಿನ ಮುಳ್ಳನ್ನು ಪ್ಲೇಟಿನ ಒಂದೊಂದು ಮಗ್ಗುಲಿಗೂ ಬದಲಿಸುತ್ತಿದ್ದರು. ಅದು ಅರಗಿನ ಪ್ಲೇಟು, ನಿಮಿಷಕ್ಕೆ 78 ಸುತ್ತು, ಅಂದರೆ 78 ಆರ್‌ಪಿಎಂ. ಜಯಚಾಮರಾಜ ಒಡೆಯರ್ ಹಣ ಕೊಟ್ಟು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿಯಿಂದ ಮಾಡಿಸಿದ ನಿಕೊಲಾಯ್ ಮೆಟ್ನರ್‌ನ ಧ್ವನಿಮುದ್ರಣಗಳೂ ಇದೇ ಕಾಲದವು (ಆ ರಷ್ಯನ್ ಸಂಗೀತಗಾರ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ). ಚೌಡಯ್ಯನವರ ಪಿಟೀಲಿನ 78ರ ಪ್ಲೇಟು ನಿಮ್ಮ ಮನೆಯಲ್ಲಿದ್ದರೆ ಎಲ್‌ಪಿಯ (ಆಮೇಲಿನ ಪ್ಲಾಸ್ಟಿಕ್ ಪ್ಲೇಟಿನ) ಮುಳ್ಳಿನಲ್ಲಿ ಹಾಕಬೇಡಿ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 75. ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕೆ ಬಿದ್ದು ಕಸ ಕೆರೆಯುತ್ತದೆ. 78ಕ್ಕೆ ಬೇರೆ ಮುಳ್ಳು ಬೇಕು, ಅದಕ್ಕೆ ಹೇಳಿದ ಭಾರವೇ ಬೇಕು.

ಈಗ ಹೊಂದಿಸುವ ಮಾತು. ಮೊದಲು ಪ್ಲೇಯರಿನ ಮೇಲೆ ರಸಮಟ್ಟ ಇಟ್ಟು ನೋಡಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ, ಮೇಜು ಆ ಕಡೆಗೇ ವಾಲಿರುತ್ತದೆ. ಮಟ್ಟ ಸರಿಯಾದ ಮೇಲೆ ಆಂಟಿ-ಸ್ಕೇಟಿಂಗ್ (ಆರ್ಮನ್ನು ಹೊರಗಡೆಗೆ ಎಳೆದು ಹಿಡಿಯುವ ತಿರುಗಣೆ) ಸೊನ್ನೆಗೆ ತನ್ನಿ, ಮುಳ್ಳಿನ ಕವಚ ತೆಗೆಯಿರಿ, ಆರ್ಮನ್ನು ಪ್ಲೇಟಿನಿಂದ ಆಚೆಗೇ ಬೆರಳಲ್ಲಿ ಹಿಡಿದುಕೊಳ್ಳಿ. ಹಿಂದಿನ ತೂಕದ ಗುಂಡನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಆರ್ಮ್ ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ತೇಲುತ್ತದೆ. ಅದು ಸೊನ್ನೆ. ಈಗ ಗುಂಡು ಅಲುಗದಂತೆ ಹಿಡಿದು, ಅಂಕಿ ಬರೆದ ಉಂಗುರವನ್ನು ಮಾತ್ರ 0ಗೆ ತರಬೇಕು. ಹೆಚ್ಚಿನವರ ಕೈ ತಪ್ಪುವುದು ಇಲ್ಲೇ: ಉಂಗುರದ ಜೊತೆ ಗುಂಡೂ ತಿರುಗಿರುತ್ತದೆ, ಅಥವಾ ಆಮೇಲೆ ಗುಂಡಿನ ಬದಲು ಬರೀ ಉಂಗುರ ತಿರುಗಿಸಿ ‘2 ಇಟ್ಟೆ’ ಅಂದುಕೊಂಡಿರುತ್ತಾರೆ. ಉಂಗುರ 0ಗೆ ಬಂದ ಮೇಲೆ ಗುಂಡನ್ನೇ ಮುಳ್ಳಿನ ಕಡೆಗೆ ಸರಿಯುವಂತೆ ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿ.

ಉಂಗುರದ ಅಂಕಿ ಅಂದಾಜಿನದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿರುವಂಥ ತಕ್ಕಡಿ ಲೆಕ್ಕಕ್ಕೆ ಸರಿಯೇ, ಆದರೆ ಅದರ ತಟ್ಟೆ ಪ್ಲೇಟಿಗಿಂತ ಬಹಳ ಎತ್ತರ. ಎತ್ತರ ಬದಲಾದರೆ ಕೆಲವು ಆರ್ಮ್‌ಗಳಲ್ಲಿ ಭಾರವೂ ಬದಲಾಗುತ್ತದೆ. ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದನ್ನು ಎಳೆದು ಸುಳ್ಳು ಲೆಕ್ಕ ಕೊಡುತ್ತದೆ. ಮುಳ್ಳಿಗೆಂದೇ ಮಾಡಿದ ತಕ್ಕಡಿ ಕೊಳ್ಳಿ.

ಆಂಟಿ-ಸ್ಕೇಟಿಂಗ್ ಬೇಕಾಗುವುದು ಹೆಡ್‌ಶೆಲ್ ಸೊಟ್ಟಗಿರುವುದರಿಂದ. ಗೀರು ಮುಳ್ಳನ್ನು ಎಳೆಯುವ ರೇಖೆ ಆರ್ಮಿನ ಬುಡದ ಮೂಲಕ ಹಾದುಹೋಗುವುದಿಲ್ಲ, ಹೀಗಾಗಿ ಆರ್ಮ್ ನಡುವಿನ ಗೂಟದ ಕಡೆಗೆ ವಾಲುತ್ತದೆ. ಒಳಗೋಡೆಗೆ ಭಾರ ಹೆಚ್ಚಿ ಹೊರಗೋಡೆ ಸಡಿಲವಾಗುತ್ತದೆ. ಬಲ ಸ್ಪೀಕರಿನಲ್ಲಿ ಮಾತ್ರ ಸದ್ದು ಒಡೆದರೆ ಅನುಮಾನ ಇದರ ಮೇಲೆ. ಭಾರ 2 ಇದ್ದರೆ ಇದನ್ನೂ 2ಕ್ಕೆ ಇಟ್ಟು ಶುರುಮಾಡಿ.

ಓವರ್‌ಹ್ಯಾಂಗ್ ಅಂದರೆ ಮುಳ್ಳು ನಡುಗೂಟವನ್ನು ದಾಟಿ ಎಷ್ಟು ಮುಂದೆ ಬರಬೇಕು ಎಂಬ ಅಳತೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಮಾಲಿಕೆಗೆ ಅದು 15 ಮಿಲಿಮೀಟರ್. ಇದನ್ನು ನೋಡಲು ಕಾಗದದ ಅಳತೆಪಟ್ಟಿ ಪ್ರಿಂಟ್ ಹಾಕಿಸುವಾಗ ಜೆರಾಕ್ಸ್ ಅಂಗಡಿಯ ಹುಡುಗ ‘ಫಿಟ್ ಟು ಪೇಜ್’ ಒತ್ತಿದರೆ ಎಲ್ಲ ಅಳತೆಯೂ ಕುಗ್ಗುತ್ತದೆ, ಸ್ಕೇಲು ಇಟ್ಟು ನೋಡಿಯೇ ದುಡ್ಡು ಕೊಡಿ. ಕಾರ್ಟ್ರಿಜ್ ಒಂದು ಮಿಲಿಮೀಟರ್ ಹಿಂದೆಮುಂದೆ ಆದರೂ ಭಾರದ ಲೆಕ್ಕ ಕೆಡುತ್ತದೆ. ಹಾಗಾಗಿ ಮೇಲೆ ಹೇಳಿದ ಭಾರದ ಕೆಲಸಕ್ಕೂ ಮೊದಲು ಇದನ್ನು ಸರಿಮಾಡಿ, ಭಾರ ಕೊನೆಗೆ.

ನಿರ್ವಹಣೆಗೆ ದೊಡ್ಡ ಕೆಲಸವೇನಿಲ್ಲ. ಮುಳ್ಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಅಡ್ಡಡ್ಡ ಬೇಡ. ಸಾಮಾನ್ಯ ಮುಳ್ಳಿನ ಆಯಸ್ಸು ಐನೂರರಿಂದ ಸಾವಿರ ಗಂಟೆ. ತೂಕದ ಗುಂಡನ್ನು ಹಿಡಿದಿರುವ ರಬ್ಬರು ಹಳೇ ಪ್ಲೇಯರ್‌ಗಳಲ್ಲಿ ಸತ್ತು ಗುಂಡು ಜೋತುಬಿದ್ದಿರುತ್ತದೆ, ಅದನ್ನು ಬದಲಿಸದೆ ಯಾವ ಅಂಕಿಯನ್ನೂ ನಂಬಬೇಡಿ. ಆರ್ಮಿನ ಬುಡದ ಬೇರಿಂಗಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಡುವ ಅಭ್ಯಾಸವನ್ನಂತೂ ಬಿಟ್ಟುಬಿಡಿ: ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಬೇರಿಂಗ್ ಸರಿಯಿದೆಯೋ ಇಲ್ಲವೋ ತಿಳಿಯಲು ಆರ್ಮನ್ನು ಸೊನ್ನೆಯಲ್ಲಿ ತೇಲಿಸಿ ಮೆಲ್ಲಗೆ ಊದಿ ನೋಡಿ. ಸರಾಗ ಸರಿದರೆ ಸರಿ. ನಡುವೆ ತಡೆದು ತಡೆದು ನಿಂತರೆ ತಕ್ಕಡಿ ಎರಡು ಗ್ರಾಂ ತೋರಿಸಿದರೂ ಗೀರಿಗೆ ಅಷ್ಟು ಸಿಗುತ್ತಿರುವುದಿಲ್ಲ. ಬೇರಿಂಗ್ ಬಿಚ್ಚಲು ಬಲ್ಲವರ ಹತ್ತಿರ ಒಯ್ಯುವುದೇ ದಾರಿ.