ಮೇಲಿನ ಲೇಔಟ್ ನೀರು ನಮ್ಮ ಹೊಲಕ್ಕೆ ನುಗ್ಗಿದರೆ ಯಾರನ್ನು ಕೇಳೋದು?

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮದು ಎರಡು ಎಕರೆ. ಮೇಲ್ಗಡೆ ಇದ್ದ ರಾಗಿ ಹೊಲ ಈಗ ಲೇಔಟ್ ಆಗಿದೆ. ಜೆಸಿಬಿ ಬಿಟ್ಟು ಬದುಗಳನ್ನೆಲ್ಲ ಕಿತ್ತು ಮಟ್ಟ ಮಾಡಿದರು. ಮಳೆ ಬಂದರೆ ಕೆಂಪು ನೀರು ನೇರವಾಗಿ ಟೊಮೆಟೊ ಸಾಲಿಗೆ ಬರುತ್ತೆ, ಮೇಲ್ಮಣ್ಣು ಕೊಚ್ಚಿ ಕೊರಕಲು ಬಿದ್ದಿದೆ. ಅಡ್ಡ ಗೋಡೆ ಕಟ್ಟಿಬಿಡಲೇ?

ಉತ್ತರ: ಗೋಡೆ ಮಾತ್ರ ಬೇಡ. ಕಟ್ಟಿದ ದಿನದಿಂದ ತಪ್ಪು ನಿಮ್ಮ ತಲೆಗೆ ಬರುತ್ತದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ಸಹಜವಾಗಿ ಇಳಿದು ಬಂದರೆ ಕೆಳಗಿನವನು ತಡೆಯುವಂತಿಲ್ಲ ಎನ್ನುತ್ತದೆ 1882ರ ಅನುಭೋಗದ ಹಕ್ಕುಗಳ ಕಾಯ್ದೆ, 7ನೇ ಕಲಮು. ಆದರೆ ‘ಸಹಜವಾಗಿ’ ಅನ್ನುವ ಮಾತಿನಲ್ಲೇ ನಿಮ್ಮ ಬಲವೂ ಇದೆ. ಬದು ಕಿತ್ತು, ರಸ್ತೆ ಹಾಕಿ, ಇಡೀ ಲೇಔಟ್ ನೀರನ್ನು ಒಂದು ಮೋರಿಗೆ ಕೂಡಿಸಿ ನಿಮ್ಮ ಮೂಲೆಗೆ ಬಿಟ್ಟರೆ ಅದು ಸಹಜ ಹರಿವಲ್ಲ.

ಎಷ್ಟು ನೀರು ಅಂತ ಒಮ್ಮೆ ಲೆಕ್ಕ ಹಾಕಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್. 50 ಮಿ.ಮೀ. ಸುರಿದರೆ 2 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್‌ಗಳ ಸಾಲು. ಉತ್ತ ಹೊಲ ಇದರಲ್ಲಿ ಒಂದಷ್ಟನ್ನು ಕುಡಿಯುತ್ತಿತ್ತು, ಬದು ಒಂದಷ್ಟನ್ನು ನಿಲ್ಲಿಸುತ್ತಿತ್ತು. ರೋಲರ್ ಓಡಿಸಿದ ನೆಲ ಎರಡನ್ನೂ ಮಾಡುವುದಿಲ್ಲ.

ಇನ್ನು ದೂರು. ಅರ್ಜಿ ಬರೆಯುವ ಮೊದಲು ಗ್ರಾಮ ನಕ್ಷೆ ತೆಗೆಸಿ. ನಮ್ಮ ಕಡೆಯವರು ಇದನ್ನೇ ಕೊನೆಗೆ ಮಾಡುತ್ತಾರೆ. ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆದರೆ ಸರ್ವೆ ನಂಬರಿನ ಅಂದಾಜು ಸಿಗುತ್ತದೆ, ಆದರೆ ಸಾಕ್ಷಿಗೆ ಸರ್ವೆ ಕಚೇರಿಯ ನಕಲೇ ಬೇಕು. ಅದರಲ್ಲಿ ಲೇಔಟಿನ ಜಾಗದ ಮೂಲಕ ಹಳ್ಳವೋ ಕಾಲುವೆಯೋ ಹಾದಿದೆಯಾ ನೋಡಿ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ನಮ್ಮದು; ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹೋಗಲಿ ಅಂತ ಹಿಂದಿನವರು ಕಾಲುವೆ ಬಿಟ್ಟಿದ್ದರು. ಹತ್ತು ವರ್ಷ ಒಣಗಿದ ಕಾಲುವೆ ಯಾರ ಕಣ್ಣಿಗೂ ಕಾಲುವೆಯಂತೆ ಕಾಣಲ್ಲ. 2021ರ ನವೆಂಬರ್‌ನಲ್ಲಿ ಕೆರೆಗಳು ಕೋಡಿ ಬಿದ್ದಾಗ ನೀರಿಗೆ ಮಾತ್ರ ದಾರಿ ನೆನಪಿತ್ತು.

ನಕ್ಷೆಯಲ್ಲಿ ಹಳ್ಳ ಇದ್ದರೆ ಅದು ‘ಬಿ’ ಖರಾಬು (ಸಾಗುವಳಿಗಲ್ಲದೆ ಸಾರ್ವಜನಿಕರಿಗೆ ಬಿಟ್ಟ ಜಾಗ), 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸರ್ಕಾರದ ಸ್ವತ್ತು. ಮುಚ್ಚಿದ್ದರೆ ತಹಶೀಲ್ದಾರರಿಗೆ ಬರೆಯಿರಿ. 104ನೇ ಕಲಮಿನಲ್ಲಿ ಒತ್ತುವರಿ ತೆರವು ಮಾಡಿಸಬಹುದು. ಸಾರ್ವಜನಿಕ ಕಾಲುವೆಗೆ ಅಡ್ಡಿ ಮಾಡಿದ್ದನ್ನು ತೆಗೆಸಲು ಉಪವಿಭಾಗಾಧಿಕಾರಿಗೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ (ಹಿಂದಿನ ಸಿಆರ್‌ಪಿಸಿಯ 133) ಅಧಿಕಾರವಿದೆ. ನಕ್ಷೆಯಲ್ಲಿ ಏನೂ ಇಲ್ಲದಿದ್ದರೆ ಇದು ನಿಮ್ಮಿಬ್ಬರ ನಡುವಿನ ವ್ಯಾಜ್ಯ, ಸಿವಿಲ್ ಕೋರ್ಟಿನ ತಡೆಯಾಜ್ಞೆಯೇ ದಾರಿ.

ಯಾವ ದಾರಿ ಹಿಡಿದರೂ ಇನ್ನೆರಡು ಕಾಗದ ಕೈಯಲ್ಲಿರಲಿ: ಭೂಪರಿವರ್ತನೆ ಆದೇಶ ಮತ್ತು ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಅರ್ಜಿ ಸಾಕು. ಚರಂಡಿ ಬೇರೆ ಕಡೆ ಸೇರುತ್ತದೆ ಅಂತ ನಕ್ಷೆಯಲ್ಲಿ ತೋರಿಸಿದ್ದು, ಸ್ಥಳದಲ್ಲಿ ನಿಮ್ಮ ಹೊಲಕ್ಕೆ ಬಿಟ್ಟಿದ್ದರೆ ಅರ್ಧ ಕೆಲಸ ಆದಂತೆ. ಒಪ್ಪಿಗೆಯೇ ಇಲ್ಲದ ಲೇಔಟಾದರೆ ಇನ್ನೂ ಸಲೀಸು.

‘ಕೆರೆಯಿಂದ 75 ಮೀಟರ್ ಬಿಡಬೇಕು’ ಅಂತ ಯಾರಾದರೂ ಹೇಳಿದರೆ ಅದನ್ನು ಅರ್ಜಿಗೆ ಸೇರಿಸಬೇಡಿ. ಬೆಂಗಳೂರಿನ ಕೆರೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಪೀಠ (ಎನ್‌ಜಿಟಿ) 2016ರಲ್ಲಿ ಹೇಳಿದ ಆ ಅಳತೆಯನ್ನು ಸುಪ್ರೀಂ ಕೋರ್ಟ್ 2019ರಲ್ಲೇ ರದ್ದು ಮಾಡಿತು.

ಕಾಗದ ಓಡಾಡುವಷ್ಟರಲ್ಲಿ ಇನ್ನೆರಡು ಮಳೆ ಬಂದಿರುತ್ತವೆ. ನಿಮ್ಮ ಗಡಿಯೊಳಗೆ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ, ಮೇಲೆ ಹುಲ್ಲು ಹಚ್ಚಿ. ಹೆಚ್ಚಿನ ನೀರಿಗೆ ಒಂದು ಕಡೆ ಕಲ್ಲು ಜೋಡಿಸಿದ ತೂಬು ಬಿಡಿ, ಇಲ್ಲದಿದ್ದರೆ ಬದುವೇ ಒಡೆಯುತ್ತದೆ. ಮಳೆ ಸುರಿಯುವಾಗಲೇ ಛತ್ರಿ ಹಿಡಿದು ಹೋಗಿ ವಿಡಿಯೊ ಮಾಡಿ, ಮೋರಿಯ ಬಾಯಿ ಕಾಣುವ ಹಾಗೆ. ಬಿಸಿಲಿನಲ್ಲಿ ಸ್ಥಳ ನೋಡಲು ಬರುವ ಅಧಿಕಾರಿಗೆ ಕಾಣುವುದು ಒಣ ಮಣ್ಣಷ್ಟೇ.